ಇಪ್ಪತ್ತು ಮುಖದ ಕಂಪ್ಯೂಟರ್ ದಾಳದಲ್ಲಿ 20 ಏಕೆ ಇಷ್ಟು ಅಪರೂಪ?

ನಿಧಾನಗತಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಐವರು ಆಟಗಾರರು ಮತ್ತು ಆಟ ನಡೆಸುವ ಒಬ್ಬರು ಸೇರಿ ಎಂಟು ತಿಂಗಳಿಂದ ನಾವು ಪಾತ್ರ ವಹಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯನ್ನು ಬರಹದ ಮೂಲಕವೇ ಆಡುತ್ತಿದ್ದೇವೆ. ಎಲ್ಲರೂ ಒಂದೇ ಹೊತ್ತಿಗೆ ಕೂಡುವುದು ಆಗದ ಮಾತಾದ್ದರಿಂದ, ಯಾರಿಗೆ ಯಾವಾಗ ಬಿಡುವಾಗುತ್ತದೆಯೋ ಆಗ ಅವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಬರೆದು, ಕೊನೆಯಲ್ಲಿ ಯಾವ ದಾಳ ಬೇಕೆಂಬುದನ್ನು ಸೇರಿಸುತ್ತಾರೆ. ಗೆಳೆಯರೊಬ್ಬರು ಬರೆದುಕೊಟ್ಟ ಪುಟ್ಟದೊಂದು ಸ್ಕ್ರಿಪ್ಟ್ ದಾಳ ಉರುಳಿಸಿ, ಬಂದ ಸಂಖ್ಯೆಯನ್ನು ಅದೇ ಸಂದೇಶದ ಕೆಳಗೆ ಅಂಟಿಸುತ್ತದೆ. ಒಮ್ಮೆ ಅಂಟಿಸಿದ ಸಂಖ್ಯೆಯನ್ನು ಆಟಗಾರರು ತಿದ್ದಲಾಗುವುದಿಲ್ಲ.

ತೊಂದರೆ ಏನೆಂದರೆ, ನಮ್ಮಲ್ಲಿ ಒಬ್ಬರು ಆಟ ಶುರುವಾದಾಗಿನಿಂದ ಇಪ್ಪತ್ತು ಮುಖದ ದಾಳವನ್ನು 60 ಸಲ ಉರುಳಿಸಿದ್ದಾರೆ, ಒಮ್ಮೆಯೂ 20 ಬಿದ್ದಿಲ್ಲ. ಆಕ್ರಮಣದಲ್ಲಿ 20 ಬಿದ್ದರೆ ಎದುರಾಳಿಯ ರಕ್ಷಣೆ ಎಷ್ಟೇ ಇರಲಿ ಏಟು ತಗಲುತ್ತದೆ, ಹಾನಿಯ ದಾಳಗಳೂ ಎರಡರಷ್ಟಾಗುತ್ತವೆ. ಹೀಗಾಗಿ ಆ ಗರಕ್ಕಾಗಿ ಎಲ್ಲರೂ ಕಾಯುತ್ತಿರುತ್ತಾರೆ. ಮೊದಲು ತಮಾಷೆಯಾಗಿ "ಇದು ಶಕುನಿಯ ದಾಳ" ಎನ್ನುತ್ತಿದ್ದವರು ಈಗ ನಿಜವಾಗಿಯೂ ಬೇಸರಪಟ್ಟುಕೊಂಡಿದ್ದಾರೆ. ಅವರ ಸಮಾಧಾನಕ್ಕಾಗಿ ನಾನು ಹಳೆಯ ಸಂದೇಶಗಳನ್ನೆಲ್ಲ ತೆರೆದು ಎಣಿಸಿದೆ. ಎಲ್ಲರದ್ದೂ ಸೇರಿ 380 ಸಲ ಇಪ್ಪತ್ತು ಮುಖದ ದಾಳ ಉರುಳಿದೆ. ಅದರಲ್ಲಿ 20 ಬಿದ್ದದ್ದು 9 ಸಲ, 1 ಬಿದ್ದದ್ದು 11 ಸಲ, ಉಳಿದ ಸಂಖ್ಯೆಗಳು ಹೆಚ್ಚುಕಡಿಮೆ ಇಪ್ಪತ್ತಿಪ್ಪತ್ತು ಸಲ. ಸರಾಸರಿ 10.4 ಬಂತು. ಇರಬೇಕಾದದ್ದು 10.5 ಆದ್ದರಿಂದ ದಾಳ ಸರಿಯಾಗಿಯೇ ಇದೆ ಎಂದು ಗುಂಪಿಗೆ ತಿಳಿಸಿದೆ. ಅವರು ಒಪ್ಪಲಿಲ್ಲ. ನನಗೂ ಪೂರ್ತಿ ನಂಬಿಕೆಯಿಲ್ಲ. ಇದು ಬರೀ ದುರದೃಷ್ಟವೇ, ಅಥವಾ ಸ್ಕ್ರಿಪ್ಟಿನಲ್ಲಿ ಏನಾದರೂ ದೋಷವಿರಬಹುದೇ? ದೋಷವಿದ್ದರೆ ಅದನ್ನು ಕಂಡುಹಿಡಿಯುವುದು ಹೇಗೆ?

ಎಣಿಕೆಗಾರ:

ಮೊದಲು ನಿಮ್ಮ ಗೆಳೆಯರ 60 ಉರುಳಿಕೆಗಳನ್ನೇ ನೋಡೋಣ. ನ್ಯಾಯವಾದ ದಾಳದಲ್ಲಿ ಒಂದು ಸಲ 20 ಬೀಳದಿರುವ ಸಾಧ್ಯತೆ ನೂರಕ್ಕೆ 95. ಇದನ್ನು ಅರವತ್ತು ಸಲ ಗುಣಿಸಿದರೆ ನೂರಕ್ಕೆ 4.6 ಉಳಿಯುತ್ತದೆ. ಒಬ್ಬರ ಮಟ್ಟಿಗೆ ಇದು ಅಪರೂಪವೆಂದು ಕಾಣುತ್ತದೆ, ಆದರೆ ನಿಮ್ಮ ಗುಂಪಿನಲ್ಲಿ ಐವರಿದ್ದೀರಿ. ಪ್ರತಿಯೊಬ್ಬರೂ ಸುಮಾರು ಅರವತ್ತು ಸಲ ಉರುಳಿಸಿದ್ದರೆ, ಐವರಲ್ಲಿ ಯಾರೋ ಒಬ್ಬರಿಗಾದರೂ ಒಂದೂ 20 ಬೀಳದೆ ಹೋಗುವ ಸಾಧ್ಯತೆ ನೂರಕ್ಕೆ 21. ಐದು ಗುಂಪುಗಳು ಹೀಗೆ ಆಡಿದರೆ ಒಂದು ಗುಂಪಿನಲ್ಲಿ ಇಂಥ ದೂರು ಏಳುವುದು ಸಹಜ. ದೂರು ಹೇಳುವವರು ಮಾತ್ರ ಯಾವಾಗಲೂ ಆ ಒಬ್ಬರೇ ಆಗಿರುತ್ತಾರೆ. ಉಳಿದ ನಾಲ್ವರು ತಮ್ಮ ದಾಳದ ಲೆಕ್ಕ ಇಟ್ಟಿರುವುದಿಲ್ಲ.

ಒಟ್ಟು ಲೆಕ್ಕಕ್ಕೆ ಬಂದರೆ, 380ರಲ್ಲಿ 20 ಸರಾಸರಿ 19 ಸಲ ಬೀಳಬೇಕು, ಅದರ ಮಾನಕ ವಿಚಲನೆ (ಸಹಜವಾಗಿ ಆಗುವ ಏರುಪೇರಿನ ಅಳತೆ) ಸುಮಾರು 4.25. ನಿಮಗೆ ಬಂದಿರುವ 9, ನಿರೀಕ್ಷೆಗಿಂತ ಎರಡಕ್ಕೂ ಹೆಚ್ಚು ವಿಚಲನೆಯಷ್ಟು ಕೆಳಗಿದೆ. ಒಂದು ನಿರ್ದಿಷ್ಟ ಮುಖ ಇಷ್ಟು ಕಡಿಮೆ ಬೀಳುವುದು ನೂರಕ್ಕೆ ಒಂದಕ್ಕಿಂತ ತುಸು ಕಡಿಮೆ. ಆದರೆ ದಾಳಕ್ಕೆ ಇಪ್ಪತ್ತು ಮುಖಗಳಿವೆ. ಯಾವುದೋ ಒಂದು ಮುಖ ಇಷ್ಟು ಹಿಂದೆ ಬೀಳುವ ಸಾಧ್ಯತೆ ಆರೇಳರಲ್ಲಿ ಒಂದು. ಇಪ್ಪತ್ತು ಮುಖಗಳಿಗೂ ಸೇರಿಸಿ ಕೈ-ವರ್ಗ ಪರೀಕ್ಷೆ (ಬಂದ ಎಣಿಕೆಗಳು ನಿರೀಕ್ಷೆಯಿಂದ ಒಟ್ಟಾರೆ ಎಷ್ಟು ದೂರವಿವೆ ಎಂದು ಅಳೆಯುವ ಚೈ-ಸ್ಕ್ವೇರ್ ಪರೀಕ್ಷೆ) ಮಾಡಿ ನೋಡಿ. ಪ್ರತಿ ಮುಖಕ್ಕೂ ಬಂದ ಎಣಿಕೆಯಿಂದ 19ನ್ನು ಕಳೆದು, ವರ್ಗ ಮಾಡಿ, 19ರಿಂದ ಭಾಗಿಸಿ, ಎಲ್ಲವನ್ನೂ ಕೂಡಿಸಬೇಕು. ಮೊತ್ತ 30.14 ದಾಟಿದರೆ ಮಾತ್ರ ಅನುಮಾನ ಪಡುವುದು ವಾಡಿಕೆ. ನಿಮ್ಮ 20 ಮತ್ತು 1 ಎರಡರಿಂದಲೂ ಸೇರಿ ಬರುವುದು 8.6 ಮಾತ್ರ, ಉಳಿದ ಹದಿನೆಂಟು ಮುಖಗಳು ಸಾಧಾರಣವಾಗಿ ನಡೆದುಕೊಂಡಿದ್ದರೆ ಮೊತ್ತ ಆ ಗೆರೆ ದಾಟುವುದು ಕಷ್ಟ. ಆದ್ದರಿಂದ ನನ್ನ ಅಭಿಪ್ರಾಯ: ದುರದೃಷ್ಟ.

ಸಾಲುಸಾಲು:

ಎಣಿಕೆಗಾರರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ತೀರ್ಪು ಕೊಡುವ ಮೊದಲು ಸ್ಕ್ರಿಪ್ಟನ್ನು ಒಮ್ಮೆ ನೋಡುವುದು ಒಳ್ಳೆಯದು. ನಿಧಾನಗತಿಯವರೇ, ಸಂಖ್ಯೆಯನ್ನು ಉತ್ಪಾದಿಸುವ ಸಾಲು ಒಂದೇ ಇರುತ್ತದೆ. ಅದನ್ನು ಇಲ್ಲಿ ಹಾಕುತ್ತೀರಾ? 1 ಕೂಡ 11 ಸಲ ಮಾತ್ರ ಬಿದ್ದಿರುವುದು ನನಗೆ 20ಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದೆ. ಎರಡು ಕೊನೆಗಳೂ ಒಟ್ಟಿಗೆ ಬಡಕಲಾಗಿವೆ. ಇಂಥದ್ದನ್ನು ನಾನು ಮೊದಲೂ ನೋಡಿದ್ದೇನೆ.

ನಿಧಾನಗತಿ:

ಸ್ಕ್ರಿಪ್ಟ್ ಬರೆದವರನ್ನು ಕೇಳಿದೆ. ಈ ಸಾಲನ್ನು ಕಳುಹಿಸಿದ್ದಾರೆ:

ಮ್ಯಾಥ್.ರೌಂಡ್(ಮ್ಯಾಥ್.ರ‍್ಯಾಂಡಮ್() * (ಮುಖಗಳು - 1)) + 1

"1ಕ್ಕಿಂತ ಕಡಿಮೆಯೂ 20ಕ್ಕಿಂತ ಹೆಚ್ಚೂ ಎಂದಿಗೂ ಬರುವುದಿಲ್ಲ, ಪರೀಕ್ಷಿಸಿಯೇ ಕೊಟ್ಟಿದ್ದೇನೆ" ಎಂದೂ ಹೇಳಿದ್ದಾರೆ.

ಸಾಲುಸಾಲು:

ಅವರು ಹೇಳಿದ್ದು ನಿಜ, ಗಡಿ ದಾಟಿ ಒಂದು ಸಂಖ್ಯೆಯೂ ಬರುವುದಿಲ್ಲ. ಆದರೂ ದೋಷ ಇರುವುದು ಇದೇ ಸಾಲಿನಲ್ಲಿ.

ರ‍್ಯಾಂಡಮ್ ಎಂಬುದು 0ಯಿಂದ ಹಿಡಿದು 1ನ್ನು ಮುಟ್ಟದಷ್ಟರ ನಡುವೆ ಒಂದು ದಶಮಾಂಶವನ್ನು ಕೊಡುತ್ತದೆ. ಅದನ್ನು 19ರಿಂದ ಗುಣಿಸಿದಾಗ 0ಯಿಂದ 19ರವರೆಗಿನ ಒಂದು ಅಳತೆಪಟ್ಟಿಯ ಮೇಲೆ ಎಲ್ಲೋ ಒಂದು ಚುಕ್ಕಿ ಇಟ್ಟಂತಾಗುತ್ತದೆ, ಪಟ್ಟಿಯ ಯಾವ ಭಾಗಕ್ಕೂ ಪಕ್ಷಪಾತವಿಲ್ಲ. ಇಲ್ಲಿಯವರೆಗೆ ಎಲ್ಲವೂ ಸರಿ. ಬಳಿಕ ರೌಂಡ್ ಆ ಚುಕ್ಕಿಯನ್ನು ಅತಿ ಹತ್ತಿರದ ಪೂರ್ಣಾಂಕಕ್ಕೆ ಎಳೆದುಕೊಂಡು ಹೋಗುತ್ತದೆ. 7 ಎಂಬ ಗುರುತಿಗೆ 6.5ರಿಂದ 7.5ರವರೆಗಿನ ಚುಕ್ಕಿಗಳೆಲ್ಲ ಸೇರುತ್ತವೆ, ಅಂದರೆ ಅದರ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ, ಒಟ್ಟು ಒಂದು ಪೂರ್ತಿ ಅಳತೆ. ಆದರೆ 0ಗೆ ಎಡಭಾಗವೇ ಇಲ್ಲ, 19ಕ್ಕೆ ಬಲಭಾಗವೇ ಇಲ್ಲ. ಅವೆರಡಕ್ಕೂ ಸಿಗುವುದು ಅರ್ಧರ್ಧ ಅಳತೆ ಮಾತ್ರ. ಕೊನೆಗೆ 1ನ್ನು ಕೂಡಿಸಿದ ಮೇಲೆ ಆ ಬಡಪಾಯಿಗಳೇ ನಿಮ್ಮ 1 ಮತ್ತು 20. ಉಳಿದ ಪ್ರತಿ ಸಂಖ್ಯೆಯೂ 19ರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ 5.26ರಂತೆ ಬೀಳುತ್ತಿದ್ದರೆ, ಇವೆರಡು 38ರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ 2.63ರಂತೆ ಬೀಳುತ್ತವೆ. ನಿಮ್ಮ 380 ಉರುಳಿಕೆಗಳನ್ನು ಈ ಸೂತ್ರಕ್ಕೆ ಹಚ್ಚಿದರೆ 20 ಬೀಳಬೇಕಾದದ್ದು 10 ಸಲ, 1 ಬೀಳಬೇಕಾದದ್ದು 10 ಸಲ, ಉಳಿದವು 20 ಸಲ. ನೀವು ಎಣಿಸಿದ್ದು 9, 11 ಮತ್ತು "ಹೆಚ್ಚುಕಡಿಮೆ ಇಪ್ಪತ್ತಿಪ್ಪತ್ತು".

ಸರಾಸರಿ ನಿಮ್ಮನ್ನು ದಾರಿ ತಪ್ಪಿಸಿದ್ದು ಏಕೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ದಾಳ ಪರೀಕ್ಷಿಸುವವರಲ್ಲಿ ಹೆಚ್ಚಿನವರು ಮೊದಲು ಮಾಡುವುದು ಅದನ್ನೇ. ಈ ದೋಷ ಎರಡು ಕೊನೆಗಳನ್ನೂ ಸಮನಾಗಿ ಕತ್ತರಿಸುವುದರಿಂದ ನಡುಬಿಂದು ಅಲುಗುವುದೇ ಇಲ್ಲ. ಸರಾಸರಿ ಕರಾರುವಾಕ್ಕಾಗಿ 10.5ರಲ್ಲಿಯೇ ನಿಲ್ಲುತ್ತದೆ. ನೀವು ಹತ್ತು ಲಕ್ಷ ಸಲ ಉರುಳಿಸಿ ಸರಾಸರಿ ತೆಗೆದರೂ ದೋಷ ಕಾಣಿಸುತ್ತಿರಲಿಲ್ಲ.

ಆಟದ ಮೇಲೆ ಇದರ ಪರಿಣಾಮ ವಿಚಿತ್ರವಾಗಿದೆ. 11 ಅಥವಾ ಅದಕ್ಕಿಂತ ಹೆಚ್ಚು ಬೇಕಾದ ಕೆಲಸಕ್ಕೆ ಯಾವ ವ್ಯತ್ಯಾಸವೂ ಇಲ್ಲ, ಅರ್ಧಕ್ಕರ್ಧವೇ. 18 ಅಥವಾ ಹೆಚ್ಚು ಬೇಕಾದ ಕಡೆ ನೂರಕ್ಕೆ 15 ಇರಬೇಕಾದದ್ದು 13.2ಕ್ಕೆ ಇಳಿಯುತ್ತದೆ. 20 ಮಾತ್ರವೇ ಸಾಕಾಗುವ ಕಡೆ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ತುದಿಯಲ್ಲಿ, 1 ಬಿದ್ದರೆ ಮಾತ್ರ ಕೆಡುವ ಸುಲಭದ ಕೆಲಸ ನೂರಕ್ಕೆ 95ರ ಬದಲು 97.4 ಸಲ ಕೈಗೂಡುತ್ತದೆ. ಕಷ್ಟದ ಕೆಲಸ ಇನ್ನಷ್ಟು ಕಷ್ಟ, ಸುಲಭದ ಕೆಲಸ ಇನ್ನಷ್ಟು ಸುಲಭ. ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲದ ಸಂದರ್ಭದಲ್ಲಿ 20 ಸಿಗುವುದು ನೂರಕ್ಕೆ 9.75 ಇರಬೇಕಿತ್ತು, ನಿಮ್ಮಲ್ಲಿ ಅದು 5.2. ಅಂದರೆ ನಿಮ್ಮ ಗೆಳೆಯರು ಎರಡು ದಾಳ ಹಾಕಿದಾಗ ಸಿಗುತ್ತಿದ್ದ ಅವಕಾಶ, ಒಳ್ಳೆಯ ದಾಳವೊಂದನ್ನು ಹಾಕಿದಷ್ಟೇ.

ಇನ್ನು, ಸೂತ್ರದಲ್ಲಿ "ಮುಖಗಳು" ಎಂದಿರುವುದರಿಂದ ಇದೇ ಸಾಲು ನಿಮ್ಮ ಎಲ್ಲ ದಾಳಗಳನ್ನೂ ಉರುಳಿಸುತ್ತಿದೆ. ಮುಖಗಳು ಕಡಿಮೆಯಾದಷ್ಟೂ ಪೆಟ್ಟು ಜೋರು. ಆರು ಮುಖದ ದಾಳದಲ್ಲಿ 1 ಮತ್ತು 6 ನೂರಕ್ಕೆ 10ರಂತೆ, ನಡುವಿನ ನಾಲ್ಕು ನೂರಕ್ಕೆ 20ರಂತೆ ಬೀಳುತ್ತಿವೆ. ಮೂರು ಆರುಮುಖದ ದಾಳ ಹಾಕಿ 18 ಪಡೆಯುವುದು 216ರಲ್ಲಿ ಒಂದರ ಬದಲು 1000ದಲ್ಲಿ ಒಂದಾಗಿದೆ.

ಪರಿಹಾರ ಹೀಗೆ:

ಮ್ಯಾಥ್.ಫ್ಲೋರ್(ಮ್ಯಾಥ್.ರ‍್ಯಾಂಡಮ್() * ಮುಖಗಳು) + 1

ಇಲ್ಲಿ ಅಳತೆಪಟ್ಟಿ 0ಯಿಂದ 20ರವರೆಗೆ ಹಿಗ್ಗುತ್ತದೆ, ಫ್ಲೋರ್ ದಶಮಾಂಶ ಭಾಗವನ್ನು ಸುಮ್ಮನೆ ಕತ್ತರಿಸಿ ಹಾಕುತ್ತದೆ, ಇಪ್ಪತ್ತು ಸಂಖ್ಯೆಗಳಿಗೂ ಒಂದೊಂದು ಪೂರ್ತಿ ಅಳತೆ ಸಿಗುತ್ತದೆ.

ಹೊಸಬ:

ಬ್ರೌಸರಿನ ಸಾಮಾನ್ಯ ರ‍್ಯಾಂಡಮ್ ನಂಬಲರ್ಹವಲ್ಲ ಎಂದು ಓದಿದ್ದೇನೆ. ಗೂಢಲಿಪಿಗೆಂದೇ ಇರುವ ಸಂಖ್ಯಾಜನಕದಿಂದ ಒಂದು ಬೈಟ್ ತೆಗೆದುಕೊಂಡು, 20ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿದರೆ ಇನ್ನೂ ಉತ್ತಮವಲ್ಲವೇ?

ಸಾಲುಸಾಲು:

ಸಂಖ್ಯಾಜನಕ ಉತ್ತಮವಾದದ್ದೇ, ಆದರೆ ಆ ಭಾಗಾಕಾರ ಬೇಡ. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ 256 ಬೆಲೆಗಳಿರುತ್ತವೆ. 256ನ್ನು 20ರಿಂದ ಭಾಗಿಸಿದರೆ ಹನ್ನೆರಡು ಪೂರ್ತಿ ಸುತ್ತುಗಳಾಗಿ 16 ಮಿಗುತ್ತದೆ. ಹೀಗಾಗಿ 1ರಿಂದ 16ರವರೆಗಿನ ಸಂಖ್ಯೆಗಳಿಗೆ ಹದಿಮೂರು ಹದಿಮೂರು ಬೆಲೆಗಳು, 17ರಿಂದ 20ರವರೆಗಿನವಕ್ಕೆ ಹನ್ನೆರಡು ಹನ್ನೆರಡು ಬೆಲೆಗಳು ಸಿಗುತ್ತವೆ. ನೂರಕ್ಕೆ 20 ಸಲ ಬೀಳಬೇಕಾದ ಆ ನಾಲ್ಕು ದೊಡ್ಡ ಸಂಖ್ಯೆಗಳು ಸೇರಿ 18.75 ಸಲ ಬೀಳುತ್ತವೆ. ಒಂದು ದೋಷ ಸರಿಪಡಿಸಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಗುತ್ತದೆ, ಮತ್ತು ಈ ಸಲ ದೊಡ್ಡ ಸಂಖ್ಯೆಗಳಿಗೆ ಮಾತ್ರ ಏಟು. ಬೈಟೇ ಬೇಕೆಂದಿದ್ದರೆ, 240 ಅಥವಾ ಅದಕ್ಕಿಂತ ದೊಡ್ಡ ಬೆಲೆ ಬಂದಾಗ ಅದನ್ನು ಎಸೆದು ಹೊಸದನ್ನು ತೆಗೆದುಕೊಳ್ಳಬೇಕು. ಆಗ ಉಳಿಯುವ 240 ಬೆಲೆಗಳು ಇಪ್ಪತ್ತಕ್ಕೂ ಸರಿಯಾಗಿ ಹಂಚಿಹೋಗುತ್ತವೆ. ಒಂದು ಬೈಟಿನ ಬದಲು 32 ಬಿಟ್‌ಗಳ ಸಂಖ್ಯೆ ತೆಗೆದುಕೊಂಡರೆ ಈ ಓರೆ ಸುಮಾರು 430 ಕೋಟಿ ಬೆಲೆಗಳಲ್ಲಿ ಹರಡಿಹೋಗಿ ಲೆಕ್ಕಕ್ಕೇ ಸಿಗದಷ್ಟು ಸಣ್ಣದಾಗುತ್ತದೆ.

ಸಾಮಾನ್ಯ ರ‍್ಯಾಂಡಮ್ ನಂಬಲರ್ಹವಲ್ಲ ಎಂಬ ಮಾತಿಗೆ ಎರಡು ಅರ್ಥಗಳಿವೆ, ಅವನ್ನು ಬೇರ್ಪಡಿಸಿಕೊಳ್ಳಬೇಕು. 1960ರ ದಶಕದಲ್ಲಿ ಬಳಕೆಯಲ್ಲಿದ್ದ ರ‍್ಯಾಂಡು ಎಂಬ ಸಂಖ್ಯಾಜನಕ ನಿಜವಾಗಿಯೂ ಕೆಟ್ಟದ್ದು. ಅದರ ಸಂಖ್ಯೆಗಳನ್ನು ಮೂರು ಮೂರರಂತೆ ಗುಂಪು ಮಾಡಿ ಘನವೊಂದರೊಳಗೆ ಚುಕ್ಕಿಗಳಾಗಿ ಇಟ್ಟರೆ ಅವೆಲ್ಲವೂ ಹದಿನೈದು ಸಮತಲಗಳ ಮೇಲೆ ಮಾತ್ರ ಬಂದು ಕೂರುತ್ತವೆ. ಈಗಿನವು ಹಾಗಿಲ್ಲ. ಮರ್ಸೆನ್ ಟ್ವಿಸ್ಟರ್ ಎಂಬ ಪ್ರಸಿದ್ಧ ಸಂಖ್ಯಾಜನಕದ ಸಂಖ್ಯೆಗಳು ನೋಟಕ್ಕೆ ನಿರ್ದೋಷವಾಗಿವೆ, ಆದರೆ ಅದರಿಂದ ಹೊರಬಂದ 624 ಸಂಖ್ಯೆಗಳನ್ನು ಪೂರ್ತಿಯಾಗಿ ಕಂಡವರು ಮುಂದಿನದನ್ನೆಲ್ಲ ಲೆಕ್ಕ ಹಾಕಿ ಹೇಳಬಲ್ಲರು. ಹಣ ಕಟ್ಟುವ ಆಟಕ್ಕೆ ಇದು ಅಪಾಯ. ನಿಮ್ಮ ಗುಂಪಿನಲ್ಲಿ ಭೂತದ ಮೇಲೆ ಕತ್ತಿ ಬೀಸುವವರು ಅಷ್ಟು ಶ್ರಮ ಪಡುತ್ತಾರೆಂದು ನನಗೆ ಅನ್ನಿಸುವುದಿಲ್ಲ. ನಾನು ನೋಡಿರುವ ಕೆಟ್ಟ ಕಂಪ್ಯೂಟರ್ ದಾಳಗಳಲ್ಲಿ ಬಹುಪಾಲು ಕೆಟ್ಟದ್ದು ಸಂಖ್ಯಾಜನಕದಿಂದಲ್ಲ, ಅದು ಕೊಟ್ಟ ಸಂಖ್ಯೆಯನ್ನು 1ರಿಂದ 20ಕ್ಕೆ ಇಳಿಸುವ ಒಂದು ಸಾಲಿನಿಂದ.

ಎಣಿಕೆಗಾರ:

ನನ್ನ ತೀರ್ಪನ್ನು ಹಿಂತೆಗೆದುಕೊಳ್ಳುತ್ತೇನೆ. ಪರೀಕ್ಷೆ ಎಲ್ಲಿ ಎಡವಿತೆಂಬುದನ್ನು ಮಾತ್ರ ಹೇಳಬೇಕು. ಕೈ-ವರ್ಗ ಪರೀಕ್ಷೆಗೆ ಯಾವ ಮುಖದ ಮೇಲೆ ಅನುಮಾನವಿದೆ ಎಂಬುದು ಗೊತ್ತಿರುವುದಿಲ್ಲ. ಅದು ಇಪ್ಪತ್ತು ಮುಖಗಳ ಏರಿಳಿತವನ್ನೂ ಒಂದೇ ಮೊತ್ತಕ್ಕೆ ಸುರಿಯುತ್ತದೆ, ಎರಡು ಮುಖಗಳ ದೋಷ ಹದಿನೆಂಟು ಮುಖಗಳ ಸಹಜ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಸ್ಕ್ರಿಪ್ಟ್ ನೋಡಿದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆಯದೇ: 1 ಮತ್ತು 20 ಎರಡೂ ಸೇರಿ ಎಷ್ಟು ಸಲ ಬಿದ್ದವು? ನಿರೀಕ್ಷೆ 38, ವಿಚಲನೆ 5.85, ಬಂದದ್ದು 20. ನ್ಯಾಯವಾದ ದಾಳದಲ್ಲಿ ಹೀಗಾಗುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಈ ಎರಡು ಮುಖಗಳನ್ನು ನಾವು ಎಣಿಕೆಯನ್ನು ನೋಡಿ ಆರಿಸಿಕೊಂಡದ್ದಲ್ಲ, ಸಾಲಿನ ದೋಷವೇ ತೋರಿಸಿಕೊಟ್ಟದ್ದು. ಆದ್ದರಿಂದ ಬೇಕಾದ್ದನ್ನು ಹೆಕ್ಕಿಕೊಂಡಿರೆಂಬ ಆಕ್ಷೇಪಕ್ಕೂ ಇಲ್ಲಿ ಜಾಗವಿಲ್ಲ.

ಆದರೂ ನಿಮ್ಮ ಗೆಳೆಯರಿಗೆ ಒಂದು ಮಾತು ತಿಳಿಸಿ. ದೋಷವಿದ್ದ ದಾಳದಲ್ಲಿ ಕೂಡ 60 ಸಲಕ್ಕೆ ಒಂದೂ 20 ಬೀಳದಿರುವ ಸಾಧ್ಯತೆ ನೂರಕ್ಕೆ 20. ಸ್ಕ್ರಿಪ್ಟ್ ಅವರ ಪಾಲನ್ನು ಅರ್ಧಕ್ಕೆ ಇಳಿಸಿತ್ತು, ಸೊನ್ನೆಗೆ ಇಳಿಸಿದ್ದು ಅದೃಷ್ಟವೇ.

ಬೀಗದಕೈ:

ದಾಳ ನ್ಯಾಯವಾಗಿದೆಯೇ ಎಂಬುದು ಒಂದು ಪ್ರಶ್ನೆ, ದಾಳ ಉರುಳಿಸುವವರು ನ್ಯಾಯವಾಗಿದ್ದಾರೆಯೇ ಎಂಬುದು ಇನ್ನೊಂದು. ನಿಮ್ಮಲ್ಲಿ ಸ್ಕ್ರಿಪ್ಟ್ ಒಬ್ಬರ ಕೈಯಲ್ಲಿದೆ, ಎಲ್ಲರೂ ಅವರನ್ನು ನಂಬಿದ್ದೀರಿ. ನಂಬುವಂಥ ಮೂರನೆಯವರು ಯಾರೂ ಇಲ್ಲದಿದ್ದಾಗಲೂ ದೂರದಲ್ಲಿರುವ ಇಬ್ಬರು ಮೋಸಕ್ಕೆ ಎಡೆಯಿಲ್ಲದಂತೆ ದಾಳ ಹಾಕಬಹುದು. ಗಣಕ ವಿಜ್ಞಾನಿ ಮ್ಯಾನುಯೆಲ್ ಬ್ಲಮ್ ಅವರು ದೂರವಾಣಿಯಲ್ಲಿ ನಾಣ್ಯ ಚಿಮ್ಮಿಸುವುದು ಹೇಗೆ ಎಂಬ ಸಮಸ್ಯೆಗೆ 1981ರಲ್ಲಿಯೇ ಉತ್ತರ ಕೊಟ್ಟಿದ್ದಾರೆ. ಈಗ ರೂಢಿಯಲ್ಲಿರುವ ಸರಳ ವಿಧಾನ ಹೀಗಿದೆ.

ಆಟ ನಡೆಸುವವರು 1ರಿಂದ 20ರೊಳಗೆ ಒಂದು ಸಂಖ್ಯೆಯನ್ನು ಗುಟ್ಟಾಗಿ ಆರಿಸುತ್ತಾರೆ, 14 ಎಂದಿಟ್ಟುಕೊಳ್ಳಿ. ಅದರ ಮುಂದೆ ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆಯೊಂದನ್ನು ಸೇರಿಸಿ, ಇಡೀ ಸಾಲಿನ ಎಸ್‌ಎಚ್‌ಎ-256 ಹ್ಯಾಶನ್ನು (ಸಾಲಿನಿಂದ ಲೆಕ್ಕ ಹಾಕಿದ, ಆದರೆ ಮೂಲ ಸಾಲನ್ನು ಬಿಟ್ಟುಕೊಡದ ಬೆರಳಚ್ಚಿನಂಥ ಸಂಕೇತವನ್ನು) ಮಾತ್ರ ಎಲ್ಲರಿಗೂ ಕಳುಹಿಸುತ್ತಾರೆ. ಬಳಿಕ ಆಟಗಾರರು ತಮ್ಮ ಸಂಖ್ಯೆಯನ್ನು ಬಹಿರಂಗವಾಗಿ ಹೇಳುತ್ತಾರೆ, 9 ಎನ್ನೋಣ. ಈಗ ಆಟ ನಡೆಸುವವರು ತಮ್ಮ 14ನ್ನೂ ಅಕ್ಷರಮಾಲೆಯನ್ನೂ ಬಯಲು ಮಾಡುತ್ತಾರೆ. ಬೇಕಾದವರು ಹ್ಯಾಶ್ ಮಾಡಿ ಮೊದಲು ಕಳುಹಿಸಿದ್ದಕ್ಕೆ ತಾಳೆ ನೋಡಬಹುದು. 14 ಮತ್ತು 9 ಸೇರಿ 23, ಇಪ್ಪತ್ತನ್ನು ದಾಟಿದ್ದರಿಂದ 20 ಕಳೆದರೆ 3. ಅದೇ ದಾಳದ ಫಲ. ಇಬ್ಬರಲ್ಲಿ ಒಬ್ಬರು ಪ್ರಾಮಾಣಿಕವಾಗಿ ಮನಬಂದಂತೆ ಆರಿಸಿದ್ದರೂ ಸಾಕು, ಇನ್ನೊಬ್ಬರು ಏನೇ ತಂತ್ರ ಹೂಡಲಿ, ಇಪ್ಪತ್ತು ಫಲಗಳೂ ಸಮಸಾಧ್ಯವಾಗುತ್ತವೆ.

ಅಕ್ಷರಮಾಲೆಯನ್ನು ಬಿಟ್ಟರೆ ಇಡೀ ವ್ಯವಸ್ಥೆ ಕುಸಿಯುತ್ತದೆ ಎಂಬುದನ್ನು ನೆನಪಿಡಿ. ಇರುವುದು ಇಪ್ಪತ್ತೇ ಸಂಖ್ಯೆಗಳು. ಆಟಗಾರರು ಇಪ್ಪತ್ತನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ನೋಡಿದರೆ ಕ್ಷಣದಲ್ಲಿ ಗುಟ್ಟು ರಟ್ಟಾಗುತ್ತದೆ, ಎದುರಿನವರದು 14 ಎಂದು ತಿಳಿದವರು 6 ಎಂದು ಹೇಳಿ 20 ಗಿಟ್ಟಿಸಿಕೊಳ್ಳುತ್ತಾರೆ. ಇನ್ನೊಂದು ಸೀಳು ಇದೆ. ಕೊನೆಯಲ್ಲಿ ಬಯಲು ಮಾಡುವವರಿಗೆ ಫಲ ಮೊದಲೇ ಗೊತ್ತಿರುತ್ತದೆ. ಅದು ಹಿಡಿಸದಿದ್ದರೆ "ಕಡತ ಕಳೆದುಹೋಯಿತು" ಎಂದು ಜಾರಿಕೊಳ್ಳಬಹುದು. ಬಯಲು ಮಾಡದಿದ್ದರೆ ಅವರಿಗೆ ಅತ್ಯಂತ ಕೆಟ್ಟ ಫಲ ಬಂದಂತೆ ಎಂದು ಮುಂಚೆಯೇ ಒಪ್ಪಿಕೊಂಡರೆ ಈ ಸೀಳು ಮುಚ್ಚುತ್ತದೆ.

ಇಷ್ಟು ಗೋಜಲು ಬೇಡವೆನ್ನುವವರು ಹೊರಗಿನ ಮೂಲವನ್ನು ಬಳಸಬಹುದು. ಅಮೆರಿಕದ ಮಾನಕಗಳ ಸಂಸ್ಥೆ ನಿಸ್ಟ್ ನಡೆಸುವ ಯಾದೃಚ್ಛಿಕ ದೀಪಸ್ತಂಭ 60 ಸೆಕೆಂಡಿಗೊಮ್ಮೆ 512 ಬಿಟ್‌ಗಳ ಸಂಖ್ಯೆಯೊಂದನ್ನು ಸಮಯದ ಮೊಹರಿನೊಂದಿಗೆ ಪ್ರಕಟಿಸುತ್ತದೆ. "ನನ್ನ ಈ ಸಂದೇಶದ ಬಳಿಕ ಐದನೇ ನಿಮಿಷದ ಸಂಖ್ಯೆಯನ್ನು 20ರಿಂದ ಭಾಗಿಸಿದ ಶೇಷಕ್ಕೆ 1 ಕೂಡಿಸಿದ್ದು" ಎಂದು ಮೊದಲೇ ಬರೆದಿಟ್ಟರೆ, ಯಾರು ಬೇಕಾದರೂ ಯಾವಾಗ ಬೇಕಾದರೂ ಪರಿಶೀಲಿಸಬಹುದು.

ಪರದೆಹಿಂದೆ:

ನಾನು ಆರು ವರ್ಷಗಳಿಂದ ಬರಹದ ಆಟಗಳನ್ನು ನಡೆಸುತ್ತಿದ್ದೇನೆ. ಬೀಗದಕೈಯವರ ವಿಧಾನವನ್ನು ಒಮ್ಮೆ ಪ್ರಯತ್ನಿಸಿ, ಎರಡನೇ ಕಾಳಗದಲ್ಲಿಯೇ ಕೈಬಿಟ್ಟೆ. ವಿಧಾನದಲ್ಲಿ ತಪ್ಪಿರಲಿಲ್ಲ. ಒಂದು ದಾಳಕ್ಕೆ ಮೂರು ಸಂದೇಶ ಬೇಕಾದರೆ, ದಿನಕ್ಕೊಂದು ಸಂದೇಶ ಬರುವ ಆಟದಲ್ಲಿ ಒಂದು ಕತ್ತಿಯ ಏಟು ನೆಲ ಮುಟ್ಟಲು ಮೂರು ದಿನ ಹಿಡಿಯುತ್ತದೆ. ಬಾಗಿಲೊಂದನ್ನು ಒಡೆಯುವಷ್ಟರಲ್ಲಿ ವಾರ ಕಳೆದಿತ್ತು, ಒಳಗೆ ಏನಿರಬಹುದೆಂಬ ಆಸಕ್ತಿಯೇ ಯಾರಿಗೂ ಉಳಿದಿರಲಿಲ್ಲ.

ನಿಮ್ಮ ಸ್ಕ್ರಿಪ್ಟ್ ಸರಿಯಾದ ಮೇಲೆ ನೀವು ನಿಜವಾಗಿ ಗಮನಿಸಬೇಕಾದದ್ದು, ಯಾವ ಉರುಳಿಕೆ ಲೆಕ್ಕಕ್ಕೆ ಎಂಬುದನ್ನು. ಸಂದೇಶದ ಮುನ್ನೋಟ ನೋಡುವಾಗಲೇ ದಾಳ ಉರುಳುತ್ತದೆಯೇ, ಅಥವಾ ಕಳುಹಿಸಿದ ಮೇಲೆ ಉರುಳುತ್ತದೆಯೇ? ಮುನ್ನೋಟದಲ್ಲಿ ಉರುಳುವುದಾದರೆ ಇಷ್ಟವಾಗದ ಸಂಖ್ಯೆ ಕಂಡವರು ಕಳುಹಿಸದೆ ಇನ್ನೊಮ್ಮೆ ಒತ್ತಬಹುದು. ಸಂದೇಶವನ್ನು ಅಳಿಸಿ ಮತ್ತೆ ಬರೆಯಲು ಸಾಧ್ಯವಿದ್ದರೂ ಅಷ್ಟೇ. ಇದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. ಎರಡು ಸಲ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಂಡವರ ಸರಾಸರಿ 10.5ರಿಂದ 13.8ಕ್ಕೆ ಏರುತ್ತದೆ, ಮೂರು ಸಲ ಉರುಳಿಸಿದವರದು 15.5 ಆಗುತ್ತದೆ. ಸಾಲುಸಾಲು ಅವರು ಕಂಡುಹಿಡಿದ ದೋಷ ಇದರ ಮುಂದೆ ಏನೂ ಅಲ್ಲ. ನನ್ನ ಗುಂಪಿನಲ್ಲಿ ಒಬ್ಬರು ಹೀಗೆ ಮಾಡುತ್ತಿದ್ದರು. ಮೋಸ ಮಾಡುವ ಉದ್ದೇಶ ಇತ್ತೆಂದು ನಾನು ಈಗಲೂ ನಂಬುವುದಿಲ್ಲ. ವಾಕ್ಯ ಚೆನ್ನಾಗಿ ಬಂದಿಲ್ಲವೆಂದು ಸಂದೇಶ ಅಳಿಸುತ್ತಿದ್ದರು, ಆದರೆ ಅವರಿಗೆ ವಾಕ್ಯ ಚೆನ್ನಾಗಿ ಬಂದಿಲ್ಲವೆಂದು ಅನ್ನಿಸುತ್ತಿದ್ದದ್ದು ಸಾಮಾನ್ಯವಾಗಿ 4 ಅಥವಾ 5 ಬಿದ್ದಾಗ. ಅಂದಿನಿಂದ ಅಳಿಸಿದ ಸಂದೇಶದ ದಾಳವೂ ದಾಖಲೆಯಲ್ಲಿ ಉಳಿಯುವಂತೆ, ಮೊದಲು ಉರುಳಿದ್ದೇ ಲೆಕ್ಕಕ್ಕೆ ಬರುವಂತೆ ಮಾಡಿದ್ದೇನೆ.

ಉರುಳಿಸುವ ಮೊದಲು ಯಾವುದಕ್ಕಾಗಿ ಎಂದು ಬರೆಯಬೇಕು ಎಂಬ ನಿಯಮವನ್ನೂ ಇಡಿ. "ದಾಳ ಹಾಕಿದೆ, 17 ಬಂತು, ಹಾಗಾದರೆ ನಾನು ಬಿಲ್ಲು ಎತ್ತುತ್ತೇನೆ" ಎನ್ನುವುದಕ್ಕೂ "ಬಿಲ್ಲು ಎತ್ತುತ್ತೇನೆ" ಎಂದ ಮೇಲೆ 17 ಬರುವುದಕ್ಕೂ ಬಹಳ ಅಂತರವಿದೆ. ಅನುಮಾನ ಇದ್ದ ಕಡೆ ಷರತ್ತು ಹಾಕಿ ಬರೆಯಲಿ: ಕಾವಲುಗಾರ ಇನ್ನೂ ನಿಂತಿದ್ದರೆ ಅವನ ಮೇಲೆ, ಇಲ್ಲದಿದ್ದರೆ ಮಂತ್ರವಾದಿಯ ಮೇಲೆ. ಆಕ್ರಮಣದ ದಾಳವನ್ನೂ ಹಾನಿಯ ದಾಳವನ್ನೂ ಒಂದೇ ಸಂದೇಶದಲ್ಲಿ ಹಾಕಿಸಿ. ಏಟು ತಗಲದಿದ್ದರೆ ಹಾನಿಯ ಸಂಖ್ಯೆಯನ್ನು ಬಿಟ್ಟುಬಿಟ್ಟರಾಯಿತು, ಒಂದು ದಿನ ಉಳಿಯುತ್ತದೆ.

ಸಮಯ ಉಳಿಸಲು ಐವತ್ತು ದಾಳಗಳನ್ನು ಮೊದಲೇ ಉರುಳಿಸಿ ಪಟ್ಟಿ ಮಾಡಿಟ್ಟುಕೊಳ್ಳುವವರೂ ಇದ್ದಾರೆ. ಪಟ್ಟಿ ಆಟ ನಡೆಸುವವರ ಬಳಿ ಗುಟ್ಟಾಗಿದ್ದರೆ ತಕ್ಕಮಟ್ಟಿಗೆ ನಡೆಯುತ್ತದೆ. ಆಟಗಾರರ ಕಣ್ಣಿಗೆ ಬಿದ್ದರೆ ಕೆಟ್ಟಿತು. ಮುಂದಿನ ಸಂಖ್ಯೆ 20 ಎಂದು ಗೊತ್ತಾದ ಕೂಡಲೇ ಯಾರು ಮೊದಲು ಏಟು ಹಾಕಬೇಕೆಂಬ ಚರ್ಚೆ ಶುರುವಾಗುತ್ತದೆ, ಮುಂದಿನದು 2 ಎಂದಾದರೆ ಯಾರಾದರೂ ಬೇಡದ ಗೋಡೆಯೊಂದನ್ನು ಪರೀಕ್ಷಿಸಿ ಅದನ್ನು ಖರ್ಚು ಮಾಡಿಬಿಡುತ್ತಾರೆ.

ಹಳೆಯ ಫಲಗಳನ್ನು ಏನು ಮಾಡುವುದೆಂದು ನಿಮ್ಮಲ್ಲಿ ಖಂಡಿತ ಪ್ರಶ್ನೆ ಏಳುತ್ತದೆ. ನನ್ನನ್ನು ಕೇಳಿದರೆ, ಅವುಗಳನ್ನು ಕೆದಕಬೇಡಿ. ನಿಮ್ಮ ಎದುರಾಳಿಗಳ ದಾಳವನ್ನೂ ಇದೇ ಸ್ಕ್ರಿಪ್ಟ್ ಉರುಳಿಸಿದೆ, ಅವರ 20ಗಳೂ ಅರ್ಧಕ್ಕೆ ಇಳಿದಿದ್ದವು.

ನಿಧಾನಗತಿ:

ಎಲ್ಲರಿಗೂ ಧನ್ಯವಾದಗಳು. ಸಾಲನ್ನು ತಿದ್ದಲಾಗಿದೆ. ಸ್ಕ್ರಿಪ್ಟ್ ಬರೆದವರು ಮೊದಲು ಒಪ್ಪಲಿಲ್ಲ. ಅಳತೆಪಟ್ಟಿಯ ವಿವರಣೆಯನ್ನು ತೋರಿಸಿದ ಮೇಲೆ ತಾವೇ ಹಳೆಯ ಸಾಲನ್ನೂ ಹೊಸ ಸಾಲನ್ನೂ ಎರಡೆರಡು ಲಕ್ಷ ಸಲ ಓಡಿಸಿ, ಮುಖವಾರು ಎಣಿಕೆಯನ್ನು ಗುಂಪಿಗೆ ಕಳುಹಿಸಿದರು. ಹಳೆಯದರಲ್ಲಿ 1 ಮತ್ತು 20ರ ಕಂಬಗಳು ಉಳಿದವುಗಳ ಅರ್ಧಕ್ಕೆ ನಿಂತಿದ್ದವು, ಹೊಸದರಲ್ಲಿ ಇಪ್ಪತ್ತೂ ಒಂದೇ ಎತ್ತರಕ್ಕಿದ್ದವು.

ಪರದೆಹಿಂದೆ ಅವರು ಕೇಳಿದ್ದನ್ನು ನೋಡಿದೆ. ನಮ್ಮಲ್ಲಿ ದಾಳ ಉರುಳುವುದು ಕಳುಹಿಸಿದ ಮೇಲೆಯೇ, ಆದರೆ ಸಂದೇಶ ಅಳಿಸಿದರೆ ಸಂಖ್ಯೆಯೂ ಅಳಿದುಹೋಗುತ್ತದೆ. ಎಂಟು ತಿಂಗಳಲ್ಲಿ ಎಷ್ಟು ಅಳಿದಿವೆಯೋ ಹೇಳಲು ದಾರಿಯಿಲ್ಲ, ನಾನೂ ಎರಡು ಮೂರು ಅಳಿಸಿದ್ದೇನೆ. ಈ ವಾರದಿಂದ ದಾಖಲೆಯನ್ನು ಪ್ರತ್ಯೇಕವಾಗಿ ಇಡುತ್ತಿದ್ದೇವೆ. ಹಳೆಯ ಫಲಗಳನ್ನು ಹಾಗೆಯೇ ಬಿಡಬೇಕೆಂದು ಐವರಲ್ಲಿ ನಾಲ್ವರು ಒಪ್ಪಿದರು. ಐದನೆಯವರು ಯಾರೆಂದು ಊಹಿಸಿರುತ್ತೀರಿ. ಅವರು ಕನಿಷ್ಠ ಒಂದು 20 ಆದರೂ ಬಾಕಿ ಬರಬೇಕೆಂದು ಪಟ್ಟು ಹಿಡಿದಿದ್ದಾರೆ, ಆಟ ನಡೆಸುವವರು ಇನ್ನೂ ಉತ್ತರ ಕೊಟ್ಟಿಲ್ಲ.